ಪದ ಪರಿಚಯ: ಕ್ಯಾಮೆರಾ ಡಬ್ಬದ ಮೇಲಿನ ‘ಎಕ್ಸ್’

ಕ್ಯಾಮೆರಾ ಡಬ್ಬದ ಮೇಲೆ 40ಎಕ್ಸ್, 65ಎಕ್ಸ್, 83ಎಕ್ಸ್ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದಲ್ಲ, ಅದು ದೂರದ ಅಳತೆಯಲ್ಲ. ಲೆನ್ಸಿನ ದೊಡ್ಡ ಫೋಕಲ್ ಲೆಂತನ್ನು (ಲೆನ್ಸ್ ದೂರದ್ದನ್ನು ಎಷ್ಟು ಹತ್ತಿರ ತರುತ್ತದೆ ಎಂದು ಮಿ.ಮೀ.ನಲ್ಲಿ ಹೇಳುವ ಅಳತೆ) ಸಣ್ಣ ಫೋಕಲ್ ಲೆಂತಿನಿಂದ ಭಾಗಿಸಿದರೆ ಬರುವ ಸಂಖ್ಯೆ, ಅಷ್ಟೇ. ಡಿಎಸ್‌ಎಲ್‌ಆರ್ (ಲೆನ್ಸ್ ಬಿಚ್ಚಿ ಬದಲಿಸಬಹುದಾದ ದೊಡ್ಡ ಕ್ಯಾಮೆರಾ) ಜೊತೆ ಕೊಡುವ ಕಿಟ್ ಲೆನ್ಸ್ 18–55 ಮಿ.ಮೀ. ಇರುತ್ತದೆ. 55ನ್ನು 18ರಿಂದ ಭಾಗಿಸಿ, ಮೂರು ಬಂತು. ಅದು 3ಎಕ್ಸ್ ಲೆನ್ಸ್.

ಬಳ್ಳಾರಿಯ ಕ್ಯಾಮೆರಾ ಅಂಗಡಿಗಳಲ್ಲಿ ಈ ಮಾತುಕತೆ ಯಾವಾಗ ಬೇಕಾದರೂ ಕೇಳಿಸೀತು. “ಅಣ್ಣಾ, ಈ ಸಣ್ಣದು ಎಷ್ಟು ಎಕ್ಸ್?” “ಅರವತ್ತೈದು ನೋಡ್ರಿ.” “ಮತ್ತ ಆ ದೊಡ್ಡದು?” “ಅದಾ? ಅದು ಮೂರೇ ರೀ.” ಕೇಳಿದವರ ಮುಖ ಸಪ್ಪಗಾಗುತ್ತದೆ, ಡಿಎಸ್‌ಎಲ್‌ಆರ್ ವಾಪಸ್ ಗಾಜಿನ ಕಪಾಟಿಗೆ ಹೋಗುತ್ತದೆ. ಕೆಲವರಿಗೆ ಹಾಗಾಗುವುದೇ ಒಳ್ಳೆಯದು, ಕೆಲವರಿಗೆ ಅದರಿಂದ ನಷ್ಟ. ಯಾರಿಗೆ ಯಾವುದು ಅಂತ ಎಕ್ಸ್ ಒಂದರಿಂದ ಗೊತ್ತಾಗುವುದಿಲ್ಲ.

ಒಂದು ಲೆಕ್ಕ ನೋಡಿ. 24–240 ಮಿ.ಮೀ.ಗೆ ಸಮನಾದ ಪುಟ್ಟ ಕ್ಯಾಮೆರಾ 10ಎಕ್ಸ್ ಆಯಿತು. ನಿಕಾನ್ ಡಿಎಸ್‌ಎಲ್‌ಆರ್‌ಗೆ ಹಾಕುವ 70–300 ಲೆನ್ಸ್ 4ಎಕ್ಸ್ ಚಿಲ್ಲರೆ. ಆದರೆ ದೂರದ ಹಕ್ಕಿಯನ್ನು ಹತ್ತಿರ ತರುವುದರಲ್ಲಿ ಈ ನಾಲ್ಕು ಆ ಹತ್ತನ್ನು ಹಿಂದೆ ಹಾಕುತ್ತದೆ. ಆ ಬಾಡಿಯ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಮೇಲೆ 70–300 ಲೆನ್ಸ್ ನಡೆಯುವುದು 105–450 ಮಿ.ಮೀ. ಲೆಕ್ಕದಲ್ಲಿ, ಯಾಕೆಂದು ಮುಂದೆ ಹೇಳುತ್ತೇನೆ. 450 ಎಲ್ಲಿ, 240 ಎಲ್ಲಿ! ಲೆನ್ಸ್ ಎಷ್ಟು ಪಟ್ಟು ಹಿಗ್ಗುತ್ತದೆ ಎನ್ನುವುದನ್ನು ಮಾತ್ರ ಎಕ್ಸ್ ಹೇಳುತ್ತದೆ. ಎಲ್ಲಿಗೆ ಮುಟ್ಟುತ್ತದೆ ಎನ್ನುವುದನ್ನು ಕೊನೆಯ ಮಿ.ಮೀ. ಹೇಳುತ್ತದೆ.

ಗೊಂದಲ ಹೆಚ್ಚಾಗಲು ಇನ್ನೊಂದು ಕಾರಣ ಇದೆ. ಅದೇ ಎಕ್ಸ್ ಬೈನಾಕ್ಯುಲರ್ ಮೇಲೂ ಇರುತ್ತದೆ, ಮೊಬೈಲ್ ಪರದೆ ಮೇಲೂ ಇರುತ್ತದೆ, ಮೂರೂ ಕಡೆ ಅರ್ಥ ಬೇರೆ ಬೇರೆ. 8×42 ಬೈನಾಕ್ಯುಲರ್‌ನಲ್ಲಿ 8 ಎಂದರೆ ಬರಿಗಣ್ಣಿಗಿಂತ ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು. 42 ಎಂದರೆ ಮುಂದಿನ ಗಾಜಿನ ಅಗಲ, ಮಿ.ಮೀ.ನಲ್ಲಿ. ಮೊಬೈಲ್‌ನಲ್ಲಿ ಮುಖ್ಯ ಕ್ಯಾಮೆರಾದ ನೋಟವನ್ನೇ ಒಂದು ಎಂದು ಹಿಡಿಯುತ್ತಾರೆ. ಅದು ಸಾಮಾನ್ಯವಾಗಿ 24 ಮಿ.ಮೀ. ಆಸುಪಾಸು, ಹಾಗಾಗಿ ಮೊಬೈಲಿನ 5ಎಕ್ಸ್ ಎಂದರೆ ಸುಮಾರು 120 ಮಿ.ಮೀ. ಕ್ಯಾಮೆರಾದ ಝೂಮನ್ನು ಕಣ್ಣಿನ ಲೆಕ್ಕಕ್ಕೆ ತರಬೇಕಾದರೆ ಕೊನೆಯ ಮಿ.ಮೀ.ಯನ್ನು 50ರಿಂದ ಭಾಗಿಸಿ. ಒರಟು ಲೆಕ್ಕ, ಆದರೆ ಕೆಲಸಕ್ಕೆ ಬರುತ್ತದೆ. 83ಎಕ್ಸ್ ಎಂದು ಹೆಸರು ಮಾಡಿದ ನಿಕಾನ್ ಕೂಲ್‌ಪಿಕ್ಸ್ ಪಿ900 ಮತ್ತು 2020ರಲ್ಲಿ ಬಂದ ಪಿ950 ಮುಟ್ಟುವುದು 2000 ಮಿ.ಮೀ.ಗೆ. 50ರಿಂದ ಭಾಗಿಸಿದರೆ 40. ಬೈನಾಕ್ಯುಲರ್ ಭಾಷೆಯಲ್ಲಿ ಅದು ನಲವತ್ತು ಪಟ್ಟು. ಅದೂ ಸಣ್ಣ ಮಾತಲ್ಲ.

ಮೇಲೆ ‘ಸಮನಾದ’ ಎಂದು ಬರೆದೆ. ಆ ಮಾತನ್ನು ಬಿಡಿಸಿ ಹೇಳಬೇಕು. ಪಿ950 ಲೆನ್ಸಿನ ಬಾಯಿಯ ಸುತ್ತ ಬರೆದಿರುವುದು 4.3–357 ಮಿ.ಮೀ. ಎಂದು, ಎಲ್ಲೂ 2000 ಇಲ್ಲ. ಒಳಗಿನ ಸೆನ್ಸರ್ (ಫಿಲ್ಮಿನ ಬದಲು ಬಿಂಬ ಹಿಡಿಯುವ ಬಿಲ್ಲೆ) ತೀರ ಚಿಕ್ಕದು, 6.2×4.6 ಮಿ.ಮೀ., ಹೆಚ್ಚೂಕಡಿಮೆ ಒಂದು ತೊಗರಿ ಕಾಳು. ಹಳೆಯ ಫಿಲ್ಮ್ ಕ್ಯಾಮೆರಾದ ಚೌಕಟ್ಟು 36×24 ಮಿ.ಮೀ. ಇತ್ತು. ಸೆನ್ಸರ್ ಚಿಕ್ಕದಾದಷ್ಟೂ ಲೆನ್ಸ್ ಮೂಡಿಸುವ ಬಿಂಬದ ನಡುವಿನ ತುಣುಕು ಮಾತ್ರ ಅದರ ಮೇಲೆ ಬೀಳುತ್ತದೆ, ಅದೇ ತುಣುಕು ಪೂರ್ತಿ ಚಿತ್ರವಾಗುತ್ತದೆ. ಅದಕ್ಕೇ 357ನ್ನು 5.6ರಿಂದ ಗುಣಿಸಿ 2000 ಎನ್ನುತ್ತಾರೆ. ಆರಂಭಿಕ ಡಿಎಸ್‌ಎಲ್‌ಆರ್‌ಗಳ ಸೆನ್ಸರ್ ನಿಕಾನ್‌ನಲ್ಲಾದರೆ 23.5×15.6 ಮಿ.ಮೀ., ಗುಣಿಸುವ ಸಂಖ್ಯೆ 1.5. ಕ್ಯಾನನ್‌ನದು ಸ್ವಲ್ಪ ಚಿಕ್ಕದು, 1.6. ವಿಸ್ತೀರ್ಣದಲ್ಲಿ ಡಿಎಸ್‌ಎಲ್‌ಆರ್ ಸೆನ್ಸರ್ ಆ ಪುಟ್ಟ ಸೆನ್ಸರಿಗಿಂತ ಸುಮಾರು 13 ಪಟ್ಟು ದೊಡ್ಡದು.

ಈಗ ದರೋಜಿಗೆ ಬನ್ನಿ. 1994ರಲ್ಲಿ ಘೋಷಣೆಯಾದ ಕರಡಿಧಾಮ. ಸಂಜೆಯಾಗುತ್ತಿದ್ದಂತೆ ಕರಡಿಗಳು ಮರಿಗಳ ಜೊತೆ ಬಂಡೆ ಇಳಿದು ಬರುತ್ತವೆ, ನಾವು ಎದುರಿನ ವೀಕ್ಷಣಾ ಗೋಪುರದಿಂದ ನೋಡುತ್ತೇವೆ. ನಿಮಗೂ ಕರಡಿಗೂ ನಡುವೆ 100 ಮೀಟರ್ ಇದೆ ಎಂದು ಲೆಕ್ಕಕ್ಕೆ ಹಿಡಿಯಿರಿ. ಕಿಟ್ ಲೆನ್ಸನ್ನು ಪೂರ್ತಿ ಎಳೆದರೆ 82 ಮಿ.ಮೀ.; ಚಿತ್ರದ ಅಗಲಕ್ಕೆ 44 ಮೀಟರ್ ಬಂಡೆ, ಅದರಲ್ಲೊಂದು ಕಪ್ಪು ಚುಕ್ಕೆ. 70–300 ಹಾಕಿ 450ಕ್ಕೆ ಒಯ್ದರೆ ಚೌಕಟ್ಟಿನ ಅಗಲ 8 ಮೀಟರ್, ಕರಡಿ ಅದರ ಐದನೇ ಒಂದು ಭಾಗ. 2000 ಮಿ.ಮೀ.ಗೆ ಹೋದರೆ ಚೌಕಟ್ಟು ಎರಡು ಮೀಟರಿಗೂ ಕಡಿಮೆ. ಬಂಡೆಗೆ ಸವರಿಟ್ಟದ್ದನ್ನು ನೆಕ್ಕಿ ಮೂತಿಗೆ ಮೆತ್ತಿದ ಬೆಲ್ಲ, ಎದೆಯ ಮೇಲಿನ ಬಿಳಿ ಗೆರೆ, ಬಂಡೆಗೆ ಕೊಟ್ಟ ಉಗುರು ಎಲ್ಲ ಕಾಣುತ್ತವೆ. ಇಷ್ಟು ದೂರ ಮುಟ್ಟುವ ಡಿಎಸ್‌ಎಲ್‌ಆರ್ ಲೆನ್ಸ್ ನಮ್ಮಂಥವರು ಕೊಳ್ಳುವ ಬೆಲೆಯಲ್ಲಿ ಇಲ್ಲವೇ ಇಲ್ಲ. ಕರಡಿ ಮತ್ತು ದೂರದ ಹಕ್ಕಿಯೇ ನಿಮ್ಮ ಆಸೆಯಾಗಿದ್ದರೆ ಸೂಪರ್‌ಝೂಮ್, ಅಂದರೆ ಪಿ950ರಂಥ, ಲೆನ್ಸ್ ಬಿಚ್ಚಲಾಗದ ದೊಡ್ಡ ಎಕ್ಸ್‌ನ ಕ್ಯಾಮೆರಾ ತಗೊಳ್ಳಿ. ಅದರಲ್ಲಿ ನನಗೆ ಅನುಮಾನವಿಲ್ಲ.

“ಸಣ್ಣ ಸೆನ್ಸರ್ ಅಲ್ವಾ, ಸಂಜೆ ಬೆಳಕಲ್ಲಿ ಚಿತ್ರ ಕಾಳು ಕಾಳಾಗುತ್ತೆ” ಎಂಬ ಆಕ್ಷೇಪ ತಕ್ಷಣ ಬರುತ್ತದೆ. ಇಲ್ಲಿ ಹೆಚ್ಚಿನವರು ಪೂರ್ತಿ ಲೆಕ್ಕ ಮಾಡುವುದಿಲ್ಲ. ಒಂದು ವಸ್ತುವಿನಿಂದ ಎಷ್ಟು ಬೆಳಕು ಒಳಗೆ ಬರುತ್ತದೆ ಎಂದು ತೀರ್ಮಾನಿಸುವುದು ಲೆನ್ಸಿನ ಬೆಳಕಿಂಡಿಯ ಅಗಲ. ಅದನ್ನು ತಿಳಿಯುವುದು ಸುಲಭ: ನಿಜವಾದ ಮಿ.ಮೀ.ಯನ್ನು ಎಫ್ ಸಂಖ್ಯೆಯಿಂದ (ಬೆಳಕಿಂಡಿ ಎಷ್ಟು ತೆರೆದಿದೆ ಎಂದು ಹೇಳುವ ಸಂಖ್ಯೆ, ಚಿಕ್ಕದಾದಷ್ಟೂ ಕಿಂಡಿ ಅಗಲ) ಭಾಗಿಸಿ. ಪಿ950 ಪೂರ್ತಿ ಝೂಮ್‌ನಲ್ಲಿ 357 ಮಿ.ಮೀ., ಎಫ್ 6.5. ಕಿಂಡಿ 55 ಮಿ.ಮೀ. ನಿಕಾನ್‌ನ ಅಗ್ಗದ 70–300 ಲೆನ್ಸ್ ಕೊನೆಯಲ್ಲಿ 300 ಮಿ.ಮೀ., ಎಫ್ 6.3. ಕಿಂಡಿ 48 ಮಿ.ಮೀ. ಅಂದರೆ ಅದೇ ಕರಡಿಯಿಂದ, ಅಷ್ಟೇ ಹೊತ್ತಿನಲ್ಲಿ, ಎರಡೂ ಕ್ಯಾಮೆರಾಗಳಿಗೆ ಸಿಗುವ ಬೆಳಕು ಹೆಚ್ಚೂಕಡಿಮೆ ಒಂದೇ. ಡಿಎಸ್‌ಎಲ್‌ಆರ್‌ನ ದೊಡ್ಡ ಸೆನ್ಸರಿನ ಬಹುಭಾಗದ ಮೇಲೆ ಬಿದ್ದದ್ದು ಬಂಡೆಯ ಬೆಳಕು. ನೀವು ಆಮೇಲೆ ಕರಡಿಯಷ್ಟನ್ನೇ ಕತ್ತರಿಸಿ ದೊಡ್ಡದು ಮಾಡಿದರೆ ಆ ದೊಡ್ಡ ಸೆನ್ಸರಿನ ಲಾಭವೆಲ್ಲ ಕತ್ತರಿಸಿದ ತುಂಡಿನ ಜೊತೆ ಹೋಗುತ್ತದೆ. ದೂರದ ವಸ್ತುವಿಗೆ ಸೂಪರ್‌ಝೂಮ್ ಕೀಳು ಎನ್ನುವುದಕ್ಕೆ ಆಧಾರವಿಲ್ಲ.

ಹತ್ತಿರ ಬಂದರೆ ಆಟ ತಿರುಗುತ್ತದೆ.

ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯ 1112ರದ್ದು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನವೇ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಹೊರಗೆ ಬಿಸಿಲಲ್ಲಿ ನಿಂತು ಗೋಪುರ ತೆಗೆಯುವುದಾದರೆ ಯಾವ ಕ್ಯಾಮೆರಾ ಆದರೂ ನಡೆಯುತ್ತದೆ. ಸೂಪರ್‌ಝೂಮ್ 24 ಮಿ.ಮೀ.ಯಿಂದ ಶುರುವಾದರೆ ಕಿಟ್ ಲೆನ್ಸ್ 27ರಿಂದ, ಹಾಗಾಗಿ ಅಂಗಳದಲ್ಲಿ ಹಿಂದೆ ಸರಿಯಲು ಜಾಗವಿಲ್ಲದಾಗ ಸೂಪರ್‌ಝೂಮಿಗೇ ಒಂದು ಕೈ ಮೇಲು. ಒಳಗೆ ಕಾಲಿಡಿ. ನುಣುಪಾದ ಕರಿಗಲ್ಲಿನ ಕಂಬ, ಬಾಗಿಲ ಕಡೆಯಿಂದ ಬರುವ ಒಂದಿಷ್ಟು ಬೆಳಕು. ಕಿಟ್ ಲೆನ್ಸನ್ನು 55 ಮಿ.ಮೀ., ಎಫ್ 5.6ರಲ್ಲಿ ಇಟ್ಟರೆ ಕಿಂಡಿ 10 ಮಿ.ಮೀ. ಸೂಪರ್‌ಝೂಮಿನಲ್ಲಿ ಅದೇ ನೋಟಕ್ಕೆ ನಿಜವಾದ ಫೋಕಲ್ ಲೆಂತ್ 15 ಮಿ.ಮೀ. ಆಗುತ್ತದೆ, ಎಫ್ 4 ಎಂದುಕೊಂಡರೂ ಕಿಂಡಿ 4 ಮಿ.ಮೀ. ದಾಟುವುದಿಲ್ಲ. ಕಿಂಡಿಯ ವಿಸ್ತೀರ್ಣ ಹಿಡಿದರೆ ಡಿಎಸ್‌ಎಲ್‌ಆರ್‌ಗೆ ಆರೇಳು ಪಟ್ಟು ಹೆಚ್ಚು ಬೆಳಕು. ಕಿಟ್ ಲೆನ್ಸ್ ತೆಗೆದು 50 ಮಿ.ಮೀ. ಎಫ್ 1.8 ಲೆನ್ಸ್ ಹಾಕಿದರೆ ಕಿಂಡಿ 28 ಮಿ.ಮೀ., ಬೆಳಕು ಸುಮಾರು 50 ಪಟ್ಟು. ಡಿಎಸ್‌ಎಲ್‌ಆರ್ ಲೆನ್ಸ್‌ಗಳಲ್ಲಿ ಅತಿ ಅಗ್ಗವಾದವುಗಳಲ್ಲಿ ಇದೂ ಒಂದು ಎನ್ನುವುದನ್ನು ಮರೆಯಬೇಡಿ.

ಮನೆ ಮದುವೆ, ಅರಿಶಿನ ಶಾಸ್ತ್ರ, ತೊಟ್ಟಿಲ ಕಾರ್ಯ, ಬೇಸಿಗೆ ರಾತ್ರಿಯ ಬಯಲಾಟ, ಎಲ್ಲದಕ್ಕೂ ಇದೇ ಲೆಕ್ಕ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರು ಎಳೆಯುವುದು ಸಂಜೆಗೆ. ತೇರಿನ ಕಡೆ ಉತ್ತತ್ತಿ ತೂರುವ ಅಜ್ಜಿಯ ಮುಖ ನಿಮ್ಮಿಂದ ಹತ್ತು ಅಡಿ ದೂರ ಇರುತ್ತದೆ. ಅಲ್ಲಿ ಬೇಕಾದದ್ದು ದೂರವಲ್ಲ, ಬೆಳಕು. ಹಿಂದಿನ ಜನಸಂದಣಿ ಮಸುಕಾಗಿ ಅಜ್ಜಿಯೊಬ್ಬಳೇ ಎದ್ದು ಕಾಣಬೇಕು ಎಂದರೂ ಅಗಲವಾದ ಕಿಂಡಿಯೇ ಬೇಕು. 83ಎಕ್ಸ್ ಇದ್ದರೂ ಅದು ಆಗುವುದಿಲ್ಲ, ಮೂರೂ ಎಕ್ಸ್ ಇಲ್ಲದ, ಝೂಮೇ ಆಗದ 50 ಮಿ.ಮೀ. ಲೆನ್ಸಿನಲ್ಲಿ ಆಗುತ್ತದೆ.

ಓಡುವ, ಹಾರುವ ಪ್ರಾಣಿಗಳದ್ದು ಬೇರೆ ಕಥೆ. ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರೆಯ ಸುಮಾರು 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿಗಳಿಗಾಗಿ ಕಾಯ್ದಿಟ್ಟಿದ್ದಾರೆ. ನೀರುನಾಯಿ ಒಂದು ಕಡೆ ಮುಳುಗಿದರೆ ಇನ್ನೊಂದು ಕಡೆ ಏಳುತ್ತದೆ. 2000 ಮಿ.ಮೀ.ನಲ್ಲಿ ಅದನ್ನು ಚೌಕಟ್ಟಿನೊಳಗೆ ಹುಡುಕುವಷ್ಟರಲ್ಲಿ ಅದು ಮತ್ತೆ ಮುಳುಗಿರುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಕಣ್ಣಿಟ್ಟು ನೋಡುವ ಕಡೆ ಕಾಣುವುದು ಕನ್ನಡಿಯಿಂದ ಬಂದ ನೇರ ದೃಶ್ಯ, ತಡವಿಲ್ಲ. ಫೋಕಸ್ ಕೂಡ ಚುರುಕು. ಪಿ900, ಪಿ950ರಂಥ ಸೂಪರ್‌ಝೂಮ್‌ಗಳು ಒಂದೇ ಸಮನೆ ಏಳರಿಂದ ಹತ್ತು ಚಿತ್ರ ತೆಗೆದು ಕಾರ್ಡಿಗೆ ಬರೆದುಕೊಳ್ಳುತ್ತ ಕೂತುಬಿಡುತ್ತವೆ. ಕೂತ ಹಕ್ಕಿಗೆ ಅವು ಸರಿ, ಹಾರುವ ಹಕ್ಕಿಗೆ ಅಲ್ಲ.

ಇನ್ನು ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿ ಎರಡೂ 40 ಡಿಗ್ರಿ ದಾಟುತ್ತವೆ. ಕಾದ ನೆಲದಿಂದ ಏಳುವ ಗಾಳಿ ಬೆಳಕನ್ನು ಅತ್ತಿತ್ತ ಬಾಗಿಸುತ್ತದೆ, ಸಿರುಗುಪ್ಪದ ಕಪ್ಪು ಹೊಲದಾಚೆಯ ಕೊಕ್ಕರೆ ನೀರಿನೊಳಗಿದ್ದಂತೆ ಅಲುಗುತ್ತದೆ. ಆಗ ಝೂಮ್ ಹೆಚ್ಚಿಸಿದರೆ ಆ ಅಲುಗಾಟವೇ ದೊಡ್ಡದಾಗುತ್ತದೆ. ಇದು ಕ್ಯಾಮೆರಾದ ತಪ್ಪಲ್ಲ, ಎಷ್ಟು ದುಡ್ಡು ಸುರಿದರೂ ಸರಿಹೋಗುವುದಿಲ್ಲ. ಬೆಳಗಿನ ಎಂಟು ಗಂಟೆಯೊಳಗೆ ತೆಗೆದುಬಿಡಿ, ಇಲ್ಲವಾದರೆ ಹಕ್ಕಿಗೆ ಹತ್ತಿರವಾಗಿ. ಕೈ ನಡುಕದ ಲೆಕ್ಕವೂ ಇದೆ: 2000 ಮಿ.ಮೀ.ಗೆ ಸೆಕೆಂಡಿನ 2000ನೇ ಒಂದು ಭಾಗದಷ್ಟು ಷಟರ್ (ಬೆಳಕು ಬಿಡುವ ಪರದೆ) ವೇಗ ಬೇಕು ಎನ್ನುವುದು ಹಳೆಯ ರೂಢಿ. ಒಳಗಿನ ಸ್ಥಿರೀಕರಣ ಇದನ್ನು ಬಹಳ ಕಡಿಮೆ ಮಾಡುತ್ತದೆ, ಆದರೆ ಅದು ನಿಮ್ಮ ಕೈಯನ್ನು ನಿಲ್ಲಿಸೀತೇ ಹೊರತು ಕರಡಿಯ ತಲೆಯನ್ನಲ್ಲ.

ಸಂಡೂರಿನ ಕಡೆಯವರಿಗೆ ಕೆಂಪು ಧೂಳಿನ ಬಗ್ಗೆ ಹೇಳಬೇಕಿಲ್ಲ. ಗಣಿ ಲಾರಿ ಓಡುವ ರಸ್ತೆಯಲ್ಲಿ ಲೆನ್ಸ್ ಬಿಚ್ಚಿ ಇನ್ನೊಂದು ಹಾಕಿದರೆ ಸೆನ್ಸರ್ ಮೇಲೆ ಧೂಳು ಕೂರುವುದು ಖಂಡಿತ, ಆಮೇಲೆ ಪ್ರತಿ ಚಿತ್ರದ ಆಕಾಶದಲ್ಲಿ ಒಂದೇ ಜಾಗದಲ್ಲಿ ಕಲೆ. ಸೂಪರ್‌ಝೂಮ್‌ನಲ್ಲಿ ಬಿಚ್ಚುವುದೇನೂ ಇಲ್ಲ. ಹಾಗೆಂದು ಅದು ಪೂರ್ತಿ ಸುರಕ್ಷಿತವಲ್ಲ: ಕೊಳವೆ ಹೊರಗೆ ಬಂದು ಒಳಗೆ ಹೋಗುವಾಗ ಗಾಳಿಯ ಜೊತೆ ಧೂಳನ್ನೂ ಎಳೆದುಕೊಳ್ಳುತ್ತದೆ, ಒಳಗೆ ಹೋದದ್ದನ್ನು ನೀವು ಒರೆಸಲಾರಿರಿ, ರಿಪೇರಿಯವರೇ ಬಿಚ್ಚಬೇಕು.

ಕೊಳ್ಳಲು ಹೋದಾಗ ಎಷ್ಟು ಎಕ್ಸ್ ಎಂದು ಕೇಳಬೇಡಿ. ಕೊನೆಯಲ್ಲಿ ಎಷ್ಟು ಮಿ.ಮೀ.ಗೆ ಸಮ, ಆಗ ಎಫ್ ಎಷ್ಟು, ಸೆನ್ಸರ್ ಎಷ್ಟು ದೊಡ್ಡದು ಎಂದು ಕೇಳಿ. ಡಿಜಿಟಲ್ ಝೂಮ್ ಸೇರಿಸಿ ಹೇಳುವ ಸಂಖ್ಯೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ, ಅದು ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವುದು. ನಿಕಾನ್ ಡಿ3500ರಂಥ ಆರಂಭಿಕ ಡಿಎಸ್‌ಎಲ್‌ಆರ್‌ಗಳ ತಯಾರಿಕೆ ನಿಂತಿದೆ, ಹಾಗಾಗಿ ಅಂಥವು ಇವತ್ತು ಹೆಚ್ಚಾಗಿ ಸಿಗುವುದು ಸೆಕೆಂಡ್ ಹ್ಯಾಂಡ್. ಷಟರ್ ಎಷ್ಟು ಸಲ ಬಿದ್ದಿದೆ, ಅಂದರೆ ಎಷ್ಟು ಚಿತ್ರ ತೆಗೆದಿದ್ದಾರೆ ಎಂದು ವಿಚಾರಿಸಿ, ಎಫ್ 16ರಲ್ಲಿ ಬರಿ ಆಕಾಶದ ಒಂದು ಚಿತ್ರ ತೆಗೆದು ಕಲೆ ಇದೆಯೇ ನೋಡಿ. ನಿಕಾನ್‌ನ ಈ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇರುವುದಿಲ್ಲ, ಆದ್ದರಿಂದ ಹಳೆಯ ಎಎಫ್-ಡಿ ಲೆನ್ಸ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಫೋಕಸನ್ನು ಕೈಯಲ್ಲೇ ತಿರುಗಿಸಬೇಕಾಗುತ್ತದೆ. ಎಎಫ್-ಎಸ್ ಅಥವಾ, ಡಿ3500ರಂಥ ಹೊಸ ಬಾಡಿಯಾದರೆ, ಎಎಫ್-ಪಿ ಎಂದು ಬರೆದದ್ದನ್ನೇ ಕೇಳಿ ತಗೊಳ್ಳಿ. ಸೂಪರ್‌ಝೂಮ್ ಆದರೆ ಅಂಗಡಿ ಬಾಗಿಲಲ್ಲಿ ನಿಂತು, ಪೂರ್ತಿ ಝೂಮ್ ಎಳೆದು, ಬೀದಿಯಾಚೆಯ ಬೋರ್ಡಿನ ಸಣ್ಣಕ್ಷರ ತೆಗೆಯಿರಿ. ನಾಲ್ಕೂ ಮೂಲೆಯ ಅಕ್ಷರ ಒಂದೇ ಥರ ಚೂಪಾಗಿರಬೇಕು, ಕೊಳವೆಯನ್ನು ಮೆಲ್ಲಗೆ ಅಲ್ಲಾಡಿಸಿದರೆ ಲಟಪಟ ಎನ್ನಬಾರದು.