ಷೆಡ್ಯೂಲ್ ‘ಎ’ಯಲ್ಲಿ ಶಾಲೆಯ ಮೈದಾನ

ಕಾರವಾರದಲ್ಲಿ ಸಮತಟ್ಟಾದ ಜಾಗವೇ ಅಪರೂಪ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ಉತ್ತರಕ್ಕೆ ಕಾಳಿ ನದಿ. ಉಳಿದದ್ದರಲ್ಲಿ ನೌಕಾನೆಲೆ, ಬಂದರು, ಹೆದ್ದಾರಿ ತಮ್ಮ ಪಾಲು ತೆಗೆದುಕೊಂಡಿವೆ. ಪೇಟೆಯ ನಡುವೆ ಎಕರೆಯಷ್ಟು ಜಾಗ ಹುಡುಕುವ ಬಿಲ್ಡರ್‌ಗಳ ಕಣ್ಣು ಕೊನೆಗೆ ಹಳೆಯ ಶಾಲೆಗಳ ಮೇಲೆಯೇ ಬೀಳುತ್ತದೆ. ಚಿರೆಕಲ್ಲಿನ ಗೋಡೆ, ಒರಲೆ ಹಿಡಿದ ಪಕಾಸು, ಮಳೆಗಾಲದಲ್ಲಿ ಸೋರುವ ಹೆಂಚಿನ ಕೆಳಗೆ ಬಕೆಟ್ ಇಟ್ಟು ಪಾಠ. ಆಡಳಿತ ಮಂಡಳಿಯ ಬಳಿ ದುಡ್ಡಿಲ್ಲ. ‘ಶಾಲೆಯನ್ನು ಹೊಸದಾಗಿ ಕಟ್ಟಿಕೊಡುತ್ತೇನೆ, ಪಕ್ಕದಲ್ಲಿ ಎರಡು ಟವರ್ ಎಬ್ಬಿಸಲು ಬಿಡಿ’ ಎಂದು ಯಾರಾದರೂ ಬಂದರೆ ಬೇಡವೆನ್ನುವುದು ಕಷ್ಟ. ವಾಸ್ತುಶಿಲ್ಪಿಯಾಗಿ ನನಗೂ ಅದರಲ್ಲಿ ತಕರಾರಿಲ್ಲ.

ತಕರಾರಿರುವುದು ಒಂದೇ ಮಾತಿಗೆ. ಕಾರವಾರವಿರಲಿ, ಶಿರಸಿಯಿರಲಿ, ಮಂಡಳಿಯವರು ನಕ್ಷೆ ಹಿಡಿದು ಬಂದಾಗಲೆಲ್ಲ ಅದನ್ನೇ ಹೇಳುತ್ತಾರೆ: ‘ನೆಲ ನಮ್ಮದೇ ಉಳಿಯುತ್ತದಲ್ಲ ಸಾಹೇಬರೇ, ಕೊಡುವುದು ಮೇಲಿನ ಫ್ಲ್ಯಾಟು ಮಾತ್ರ.’

ಉಳಿಯುವುದಿಲ್ಲ. ಫ್ಲ್ಯಾಟನ್ನು ಮಾರುವಾಗ ಅದರ ಜೊತೆ ನೆಲದ ಅವಿಭಜಿತ ಪಾಲೂ ಮಾರಾಟವಾಗುತ್ತದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇರುವುದೇ ಹಾಗೆ. ಆ ಪಾಲನ್ನು ಬಿಡಿಸಿಕೊಡಿ ಎಂದು ಆಮೇಲೆ ಯಾರೂ ಕೇಳುವಂತಿಲ್ಲ. ಸಾಮಾನ್ಯ ಜಾಗವನ್ನು ನಿವಾಸಿಗಳ ಸಂಘಕ್ಕೆ ಬರೆದುಕೊಡಬೇಕು ಎನ್ನುತ್ತದೆ 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ. ಘಟ್ಟದ ಮೇಲಿನವರಿಗೆ ನಾನು ಅವಿಭಕ್ತ ಕುಟುಂಬದ ಅಡಿಕೆ ತೋಟವನ್ನು ನೆನಪಿಸುತ್ತೇನೆ: ಪ್ರತಿ ಮರದಲ್ಲಿಯೂ ಎಲ್ಲರಿಗೂ ಪಾಲಿದೆ, ‘ಈ ಮರ ನನ್ನದು’ ಎಂದು ತೋರಿಸಲು ಯಾರಿಗೂ ಬರುವುದಿಲ್ಲ. ಒಡನೆಯೇ ಅರ್ಥವಾಗುತ್ತದೆ. ಮರುವಾರ ಫೋನ್ ಮಾಡಿ ಮತ್ತೆ ‘ನೆಲವಂತೂ ನಮ್ಮದೇ’ ಎನ್ನುತ್ತಾರೆ.

ಆದ್ದರಿಂದ ಲೆಕ್ಕವನ್ನೇ ಬಿಡಿಸುತ್ತೇನೆ. ಶಾಲೆಯದು 40 ಗುಂಟೆ, ಅಂದರೆ 43,560 ಚದರ ಅಡಿ ಎಂದಿಟ್ಟುಕೊಳ್ಳಿ. ನೆಲದ ವಿಸ್ತೀರ್ಣದ 1.75 ಪಟ್ಟು ಕಟ್ಟಲು ಅವಕಾಶವಿದೆ ಎಂದುಕೊಳ್ಳೋಣ (ಇದು ಉದಾಹರಣೆ ಮಾತ್ರ, ನಿಮ್ಮ ರಸ್ತೆಯ ಅಗಲ, ವಲಯ, ಕರಾವಳಿ ನಿಯಂತ್ರಣ ನಿಯಮ ನೋಡಿಯೇ ನಿಜವಾದ ಅಂಕಿ ಹೇಳಬೇಕು). ಒಟ್ಟು 76,230 ಚದರ ಅಡಿ. ಶಾಲೆಗೆ 15,000 ಕಟ್ಟಿಕೊಟ್ಟು ಮಿಕ್ಕ 61,230ರಲ್ಲಿ ಮನೆಗಳು. ನೆಲದ ಪಾಲು ಕಟ್ಟಡದ ಪಾಲಿನ ಪ್ರಕಾರ ಹೋದರೆ ಶಾಲೆಗೆ ದಕ್ಕುವುದು ಎಂಟು ಗುಂಟೆಗೂ ಕಡಿಮೆ. ಅದೂ ಇಂಥಲ್ಲಿ ಎಂದು ಬೆರಳಿಟ್ಟು ತೋರಿಸಲಾಗದ ಎಂಟು ಗುಂಟೆ.

‘ಮೈದಾನವನ್ನು ಮುಟ್ಟುವುದೇ ಇಲ್ಲ’ ಎಂದು ಬಿಲ್ಡರ್ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಮೈದಾನದ ಲೆಕ್ಕದಲ್ಲಿ ಸಿಗುವ ಕಟ್ಟುವ ಹಕ್ಕನ್ನು ಟವರಿಗೆ ಬಳಸಿಕೊಂಡಿರುತ್ತಾರೆ. ಹತ್ತು ವರ್ಷದ ನಂತರ ಪ್ರಯೋಗಾಲಯಕ್ಕೆ ಎರಡು ಕೋಣೆ ಬೇಕೆಂದರೆ ಶಾಲೆಗೆ ಒಂದು ಚದರ ಅಡಿಯೂ ಮಿಕ್ಕಿರುವುದಿಲ್ಲ.

ಇಂಥದೊಂದು ಸಭೆಯಲ್ಲಿ ನಿವೃತ್ತ ಮಾಸ್ತರರೊಬ್ಬರು, ಆ ಶಾಲೆಯಲ್ಲೇ ಕಲಿತು ಅಲ್ಲೇ ಕಲಿಸಿದವರು, ಬಣ್ಣದ ನಕ್ಷೆಯ ಮೇಲೆ ಬಾಗಿ ‘ಗ್ಯಾದರಿಂಗ್‌ಗೆ ಮಂಟಪ ಎಲ್ಲಿ ಹಾಕುವುದು?’ ಎಂದು ಕೇಳಿದರು (ಗ್ಯಾದರಿಂಗ್ ಎಂದರೆ ನಮ್ಮಲ್ಲಿ ಶಾಲೆಯ ವಾರ್ಷಿಕೋತ್ಸವ). ಕಂಪನಿಯ ಹುಡುಗ ಹಸಿರು ಬಳಿದ ಚೌಕವನ್ನು ತೋರಿಸಿದ. ಹಸಿರಿನ ಅಂಚಿಗೆ ತೆಳುವಾದ ಚುಕ್ಕೆಗೆರೆ ಇತ್ತು. ಅದು ಅಗ್ನಿಶಾಮಕ ವಾಹನದ ದಾರಿ. ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ಎತ್ತರದ ಕಟ್ಟಡಕ್ಕೆ ಇಂಥ ದಾರಿ ಆರು ಮೀಟರ್ ಅಗಲವಿರಬೇಕು, 45 ಟನ್ ಭಾರ ತಾಳಬೇಕು. ಅಂದರೆ ಅದು ಕಾಂಕ್ರೀಟು, ಅದರ ಮೇಲೆ ಮಂಟಪ ಹಾಕುವಂತಿಲ್ಲ. ಉಳಿದ ಹಸಿರಿನಲ್ಲಿ ರಾತ್ರಿ ಹತ್ತರವರೆಗೆ ಮೈಕು ಕೂಗಿಸಲು ಸಂಘದವರು ಬಿಡುತ್ತಾರೆಯೇ ಎಂಬುದು ಬೇರೆ ಮಾತು. ಮಾಸ್ತರರು ಕೇಳಿದ್ದು ಸಣ್ಣ ಪ್ರಶ್ನೆಯೆಂದು ಉಳಿದವರು ನಕ್ಕರು. ಅಂದು ಬೇರೆ ಯಾರೂ ಅಷ್ಟು ಒಳ್ಳೆಯ ಪ್ರಶ್ನೆ ಕೇಳಲಿಲ್ಲ.

‘ಅಮೆರಿಕದಲ್ಲಿ ಮಾಡಿದ್ದಾರಲ್ಲ’ ಎಂದು ಮಗ ಕಳಿಸಿದ ಫೋಟೋ ತೋರಿಸುವವರು ಮಂಡಳಿಯಲ್ಲಿ ಒಬ್ಬರಾದರೂ ಇರುತ್ತಾರೆ. ಮಾಡಿದ್ದಾರೆ ನಿಜ. ಹೇಗೆ ಮಾಡಿದ್ದಾರೆಂದು ನೋಡಿ. ವಾಷಿಂಗ್ಟನ್‌ನ ಆಯ್ಸ್ಟರ್ ಶಾಲೆಯಲ್ಲಿ ಜಾಗವನ್ನೇ ಎರಡು ಮಾಡಿ ಒಂದು ಭಾಗದಲ್ಲಿ ಮನೆಗಳನ್ನೂ ಇನ್ನೊಂದರಲ್ಲಿ ಶಾಲೆಯನ್ನೂ ಕಟ್ಟಿದರು. ಹೊಸ ಶಾಲೆ 2001ರಲ್ಲಿ ತೆರೆಯಿತು. ನ್ಯೂಯಾರ್ಕ್‌ನಲ್ಲಿ ಇದಕ್ಕೆಂದೇ 1966ರಲ್ಲಿ ಹುಟ್ಟಿದ ಸರ್ಕಾರಿ ನಿಧಿಯೊಂದಿದೆ. ಶಾಲೆಯ ಜೊತೆಗೆ ಎದ್ದ ಕಟ್ಟಡಗಳಿಂದ ಬರುವ ನೆಲಬಾಡಿಗೆಯಂಥ ಆದಾಯದಿಂದ ಅದು ಶಾಲೆ ಕಟ್ಟಿದ ಸಾಲವನ್ನು ತೀರಿಸುತ್ತದೆ.

ನಾವೂ ಎರಡರಲ್ಲೊಂದು ಮಾಡಬಹುದು: ಜಾಗ ವಿಂಗಡಿಸುವುದು, ಇಲ್ಲವೇ ನೆಲವನ್ನು ಮಾರದೆ ಗುತ್ತಿಗೆಗೆ ಕೊಡುವುದು. ಗುತ್ತಿಗೆಯ ಮನೆಯನ್ನು ನಮ್ಮ ಜನ ಅಷ್ಟಾಗಿ ಕೊಳ್ಳುವುದಿಲ್ಲ, ಹಾಗಾಗಿ ಜಾಗ ವಿಂಗಡಿಸುವುದೇ ಮೇಲು ಎಂದು ನನ್ನ ಅಭಿಪ್ರಾಯ. ಶಾಲೆಗೂ ಮೈದಾನಕ್ಕೂ 24 ಗುಂಟೆ, ಪ್ರತ್ಯೇಕ ಖಾತೆ, ಪ್ರತ್ಯೇಕ ಗೇಟು. ಟವರಿಗೆ 16 ಗುಂಟೆ. ಆಗ ಬಿಲ್ಡರ್‌ಗೆ ಅದೇ 1.75 ಪಟ್ಟಿನ ಲೆಕ್ಕದಲ್ಲಿ ಸಿಗುವುದು 30,492 ಚದರ ಅಡಿ, ಮೊದಲಿನ ಸುಮಾರು ಅರ್ಧ. ‘ಹಾಗಾದರೆ ಶಾಲೆ ಕಟ್ಟಿಕೊಡಲು ಆಗುವುದಿಲ್ಲ’ ಎಂದು ಅವರು ಹೇಳಬಹುದು, ಅವರ ದೃಷ್ಟಿಯಲ್ಲಿ ಅದು ಸರಿಯೇ. ಮೊದಲು ಹೇಳಿದ ‘ಪುಕ್ಕಟೆ’ ಶಾಲೆಯ ಬೆಲೆ ಎಷ್ಟಿತ್ತೆಂದು ಆಗಲೇ ನಿಮಗೆ ತಿಳಿಯುವುದು.

ಜಾಗ ಖರೀದಿಯದೋ, ದಾನದ್ದೋ, ಸರ್ಕಾರ ಮಂಜೂರು ಮಾಡಿದ್ದೋ ಎಂಬುದರ ಮೇಲೆ ಇದೆಲ್ಲ ಬದಲಾಗುತ್ತದೆ. 1956ರವರೆಗೆ ನಮ್ಮ ಜಿಲ್ಲೆ ಮುಂಬಯಿಗೆ ಸೇರಿತ್ತು. ಆ ಕಾಲದ ಕಾಗದಗಳಲ್ಲಿ ‘ವಿದ್ಯಾದಾನಕ್ಕಾಗಿ ಮಾತ್ರ’ ಎಂಬಂಥ ಷರತ್ತಿದ್ದರೆ ಇಡೀ ಮಾತುಕತೆ ಅಲ್ಲಿಗೇ ನಿಲ್ಲಬಹುದು. ಅದನ್ನು ವಕೀಲರು ನೋಡಬೇಕು. ಶಾಲೆಯೇ ಹಣ ಕೊಟ್ಟು ಗೊತ್ತುಮಾಡಿದ ವಕೀಲರು. ಬಿಲ್ಡರ್ ‘ನಮ್ಮವರೇ ಇದ್ದಾರೆ’ ಎಂದು ಕಳಿಸಿದವರು ಬೇಡ.

ಕರಡು ಒಪ್ಪಂದ ಕೈಗೆ ಬಂದಾಗ ಬಣ್ಣದ ಚಿತ್ರಗಳನ್ನು ಬದಿಗಿಟ್ಟು ಕೊನೆಯ ಪುಟಗಳಿಗೆ ಹೋಗಿ. ಅಲ್ಲಿ ಆಸ್ತಿಯ ವಿವರದ ಪಟ್ಟಿಗಳಿರುತ್ತವೆ, ಅವೇ ಷೆಡ್ಯೂಲ್‌ಗಳು. ಸಾಮಾನ್ಯವಾಗಿ ಷೆಡ್ಯೂಲ್ ‘ಎ’ ಎಂದರೆ ಇಡೀ ನೆಲ, ‘ಬಿ’ ಎಂದರೆ ಕೊಳ್ಳುವವರಿಗೆ ಹೋಗುವ ಅವಿಭಜಿತ ಪಾಲು, ‘ಸಿ’ ಎಂದರೆ ಫ್ಲ್ಯಾಟು. ‘ಎ’ಯಲ್ಲಿ ನಿಮ್ಮ 40 ಗುಂಟೆಯೂ ಇದ್ದರೆ ಸಹಿ ಹಾಕದೆ ವಾಪಸ್ ಕಳಿಸಿ.