ಮಳೆಗೆ ರಜೆ ಕೊಡೋದು ಡಿಸಿ, ಅಮ್ಮ ಬಂದರೆ ಯಾರು?

ಜುಲೈನಲ್ಲಿ ಕಾರವಾರ, ಅಂಕೋಲಾ ಕಡೆ ಮಳೆ ಜೋರಾದರೆ ರಾತ್ರಿಯೇ ಮೊಬೈಲಿಗೆ ಡಿಸಿ ಆದೇಶ ಬಂದುಬಿಡುತ್ತದೆ: ನಾಳೆ ಶಾಲೆಗಳಿಗೆ ರಜೆ. ಅದೇ ಶಾಲೆಯಲ್ಲಿ ಮೂರು ಮಕ್ಕಳಿಗೆ ಅಮ್ಮ, ಅಂದರೆ ಚಿಕನ್‌ಪಾಕ್ಸ್, ಬಂದರೆ ಯಾವ ಆದೇಶವೂ ಬರುವುದಿಲ್ಲ. ಹೆಡ್‌ಮಾಸ್ಟರು ಗುಳ್ಳೆ ನೋಡಿ, 'ವಾಸಿಯಾದ ಮೇಲೆ ಕಳಿಸಿ' ಎಂದು ತಾಯಿಗೆ ಫೋನ್ ಮಾಡುತ್ತಾರೆ. ಎಷ್ಟು ದಿನ? ಒಬ್ಬರು ವಾರ ಅಂತಾರೆ, ಇನ್ನೊಬ್ಬರು ಹದಿನೈದು ದಿನ.

ಶಾಲೆಗಳು ಬರುವುದಕ್ಕೆ ಮೊದಲು ಇದನ್ನೆಲ್ಲ ಮನೆಯವರೇ ತೀರ್ಮಾನಿಸುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರೆ ಹೊರಗಿನವರು ಒಳಗೆ ಕಾಲಿಡುತ್ತಿರಲಿಲ್ಲ. ಗುಳ್ಳೆ ಒಣಗಿ ಹೊಪ್ಪಳೆ ಉದುರಿ, ನೀರು ಹಾಕಿದ ಮೇಲಷ್ಟೇ ಮಗು ಅಂಗಳಕ್ಕೆ ಇಳಿಯುತ್ತಿತ್ತು. ಕಾರಣ ದೇವಿಯ ಹೆಸರಲ್ಲಿತ್ತು, ಸರಿ. ಆದರೆ ಲೆಕ್ಕ ತಪ್ಪಿರಲಿಲ್ಲ. ಎಲ್ಲ ಗುಳ್ಳೆ ಒಣಗುವ ತನಕ ಚಿಕನ್‌ಪಾಕ್ಸ್ ಹರಡುತ್ತದೆ ಎಂದೇ ಇವತ್ತಿನ ಡಾಕ್ಟರೂ ಹೇಳುತ್ತಾರೆ.

ತೀರ್ಮಾನ ಸರ್ಕಾರದ ಕೈಗೆ ಹೋಗಿದ್ದು ಪ್ಲೇಗಿನಿಂದ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು, 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ. ನಮ್ಮ ಉತ್ತರ ಕನ್ನಡ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಕಾಯ್ದೆಯಲ್ಲಿದ್ದುದು ನಾಲ್ಕೇ ಕಲಮು. ಹಡಗು, ರೈಲು ಪ್ರಯಾಣಿಕರ ತಪಾಸಣೆಯ ಮಾತು ಅದರಲ್ಲಿದೆ. ಶಾಲೆಯ ಸುದ್ದಿಯೇ ಇಲ್ಲ. ಸಿಡುಬು ಹೋಯಿತು, 1977ರಲ್ಲಿ ದೇಶ ಸಿಡುಬುಮುಕ್ತ ಅಂತ ಘೋಷಣೆಯೂ ಆಯಿತು. ಕಾಯ್ದೆ ಮಾತ್ರ ಹಾಗೇ ಇತ್ತು.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಮತ್ತೆ ಕೈಗೆತ್ತಿಕೊಂಡಿದ್ದು ಅದನ್ನೇ. ಅದೇ ವರ್ಷ ರಾಜ್ಯ ತನ್ನದೇ ಕಾನೂನನ್ನೂ ಮಾಡಿತು. ನಮ್ಮ ಜಿಲ್ಲೆಯಲ್ಲಿ ಮೊದಲು ಸಿಕ್ಕಿಕೊಂಡಿದ್ದು ಭಟ್ಕಳ. ಜೂನ್ 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು, ಬಾಗಿಲಲ್ಲೇ ಜ್ವರ ನೋಡಿ ಒಳಗೆ ಬಿಟ್ಟರು, ಜ್ವರ ಇದ್ದವರಿಗೆ ಬೇರೆ ಕೋಣೆ. ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಯಿತು, ಮೇಷ್ಟ್ರುಗಳು ದೇವಸ್ಥಾನದ ಕಟ್ಟೆ, ಮರದ ನೆರಳಲ್ಲಿ ಪಾಠ ಹೇಳಿದರು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಒಂದರಿಂದ ಐದನೇ ತರಗತಿಯವರು ಶಾಲೆಗೆ ಮರಳಿದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತಿರ ಹತ್ತಿರ ಹತ್ತೊಂಬತ್ತು ತಿಂಗಳು! ಅಷ್ಟೊಂದು ಸುತ್ತೋಲೆ ಬಂದವು, ಆದರೆ ಸಾಮಾನ್ಯ ದಿನಗಳ ಸಾಮಾನ್ಯ ರೋಗಕ್ಕೆ ಅದರಿಂದ ಏನು ಉಳಿಯಿತು ಅಂತ ಕೇಳಿದರೆ, ಬಾಗಿಲ ಬಳಿಯ ಸೋಪು ಅನ್ನಬೇಕು.

ತೊಂದರೆ ಇರುವುದು ರೋಗದ ಸ್ವಭಾವದಲ್ಲೇ. ಚಿಕನ್‌ಪಾಕ್ಸ್ ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಹರಡಲು ಶುರು. ದಡಾರ ನಾಲ್ಕು ದಿನ ಮೊದಲೇ. ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿಯವರು ಒಂದೇ ಕೋಣೆ, ಒಂದೇ ದುಂಡು ಮೇಜು. ಗುಳ್ಳೆ ಕಂಡು ಮಗುವನ್ನು ಮನೆಗೆ ಕಳಿಸುವ ಹೊತ್ತಿಗೆ ಪಕ್ಕದವಳಿಗೆ ತಗುಲಿ ಆಗಿರುತ್ತದೆ. ಅವಳಿಗೆ ಗುಳ್ಳೆ ಏಳುವುದು 10ರಿಂದ 21 ದಿನಗಳ ಮೇಲೆ. ಹಾಗಾಗಿ ಹೆದರಿ ಮೂರು ದಿನ ಶಾಲೆ ಮುಚ್ಚಿದರೆ ಲಾಭ ಇಲ್ಲ, ಮಕ್ಕಳ ಬಿಸಿಯೂಟ ತಪ್ಪುತ್ತದೆ ಅಷ್ಟೇ. ಜೋಯಿಡಾದ ಏಕೋಪಾಧ್ಯಾಯ ಶಾಲೆಯ ಮೇಷ್ಟ್ರಿಗೇ ರೋಗ ಬಂದರಂತೂ ಕೇಳುವುದೇ ಬೇಡ.

2017ರ ಫೆಬ್ರವರಿಯಲ್ಲಿ ಶಾಲೆಗಳಲ್ಲೇ ದಡಾರ-ರುಬೆಲ್ಲಾ ಲಸಿಕೆ ಹಾಕಿದರು. ವಾಟ್ಸಾಪ್‌ನಲ್ಲಿ ಗುಲ್ಲೆದ್ದಿತ್ತು, ನೆನಪಿದೆಯಲ್ವಾ? ಚಿಕನ್‌ಪಾಕ್ಸ್, ಮಂಗನಬಾವಿನ ಲಸಿಕೆ ಮಾತ್ರ ಸರ್ಕಾರದ ಉಚಿತ ಪಟ್ಟಿಯಲ್ಲಿಲ್ಲ. ದುಡ್ಡಿದ್ದವರು ಹಾಕಿಸಿಕೊಳ್ಳುತ್ತಾರೆ.

ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ಇನ್ನೊಂದು ಭಯ, ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಇದು ಉಣುಗು ಕಚ್ಚಿ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಇಲ್ಲಿ ಮಗುವನ್ನು ತಡೆಯಬೇಕಾದ್ದು ಶಾಲೆಯಿಂದಲ್ಲ, ದರಕು (ಒಣಗಿದ ಎಲೆ) ತರಲು ಹೋಗುವ ಬೆಟ್ಟದಿಂದ.

ಕಾರವಾರ ಮತ್ತು ಶಿರಸಿ, ಎರಡೂ ಶೈಕ್ಷಣಿಕ ಜಿಲ್ಲೆಗಳ ಶಾಲೆಗಳಿಗೆ ಒಂದೇ ಒಂದು ಹಾಳೆ ಸಾಕು. ಚಿಕನ್‌ಪಾಕ್ಸ್: ಎಲ್ಲ ಗುಳ್ಳೆ ಒಣಗುವವರೆಗೆ ರಜೆ. ದಡಾರ: ದದ್ದು ಎದ್ದ ಮೇಲೆ ನಾಲ್ಕು ದಿನ. ಮಂಗನಬಾವು: ಬಾವು ಬಂದ ಮೇಲೆ ಐದು ದಿನ. ಮಂಗನ ಕಾಯಿಲೆ: ಮನೆಯಲ್ಲಿ ಯಾರಿಗೇ ಬಂದಿರಲಿ, ಉಳಿದ ಮಕ್ಕಳು ಶಾಲೆಗೆ ಬರಬಹುದು. ಕೆಳಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಫೋನ್ ನಂಬರ್.