ಗಾಳದ ಕೋಲಿನ ತುದಿಯ ಒಂದು ಗ್ರಾಂ

ಶಿರಸಿ, ಸಿದ್ದಾಪುರದ ತೋಟಗಳಲ್ಲಿ ಈಗ ಅಡಿಕೆ ಕೊನೆ ಕೊಯ್ಯಲು ಕಾರ್ಬನ್ ಫೈಬರ್ ದೋಟಿ ಬಂದಿದೆ. ಅದನ್ನು ಎತ್ತಿ ಹಿಡಿದವರಿಗೆ ಹೇಳಿಕೊಡಬೇಕಾದ್ದೇನಿಲ್ಲ: ಬುಡದಲ್ಲಿ ಲೆಕ್ಕಕ್ಕೇ ಬಾರದ ಭಾರ ತುದಿಗೆ ಹೋದರೆ ಭುಜ ಇಳಿಯುತ್ತದೆ. ಕಾರವಾರದ ಕೋಡಿಬಾಗದಲ್ಲಿ ಕಾಳಿ ನದಿಯ ಅಳಿವೆಗೆ ಗಾಳ ಎಸೆಯುವ ಕೋಲೂ ಅದೇ ಜಾತಿಯ ವಸ್ತು. ಕಾರ್ಬನ್ ಬಟ್ಟೆಯನ್ನು ಅಂಟಿನಲ್ಲಿ ನೆನೆಸಿ, ತುದಿಗೆ ಸಪೂರವಾಗುವ ಉಕ್ಕಿನ ಸರಳಿಗೆ ಸುತ್ತಿ, ಬೇಯಿಸಿ, ಸರಳನ್ನು ಎಳೆದು ತೆಗೆದರೆ ಉಳಿಯುವ ಟೊಳ್ಳು ಕೊಳವೆಯೇ ಬ್ಲ್ಯಾಂಕ್. ಅದಕ್ಕೆ ದಾರ ಹಾಯುವ ಗೈಡುಗಳನ್ನು ನೂಲು ಸುತ್ತಿ ಕಟ್ಟಿಕೊಂಡರೆ ಕೋಲು. ಕಟ್ಟುವ ಕೆಲಸವೆಲ್ಲ ನಿಂತಿರುವುದು ತುದಿಯಲ್ಲಿ ಎಷ್ಟು ಭಾರ ಇಡುತ್ತೇವೆ ಎಂಬುದರ ಮೇಲೆ.

ಕೋಲು ಬೀಸಿ ನಿಲ್ಲಿಸಿದಾಗ ತುದಿ ಕೆಲ ಹೊತ್ತು ತುಯ್ದಾಡುತ್ತದೆ. ತುದಿ ಬೇಗ ಬೇಗ ತುಯ್ದಷ್ಟೂ ಬೇಗ ನಿಲ್ಲುತ್ತದೆ, ದಾರ ಗೈಡುಗಳಿಗೆ ಬಡಿಯದೆ ನೇರ ಹೋಗುತ್ತದೆ, ಮೀನು ಕಚ್ಚಿದ ಸಣ್ಣ ಅದುರೂ ಕೈಗೆ ತಿಳಿಯುತ್ತದೆ. ಈ ವೇಗವನ್ನು ನಿರ್ಧರಿಸುವುದು ಕೋಲಿನ ಬಿಗುಪು ಮತ್ತು ತುಯ್ಯುವ ಭಾರ. ಭಾರ ನಾಲ್ಕು ಪಟ್ಟಾದರೆ ತುಯ್ತದ ವೇಗ ಅರ್ಧಕ್ಕಿಳಿಯುತ್ತದೆ. ಆದರೆ ಎಲ್ಲ ಭಾರವೂ ಒಂದೇ ಅಲ್ಲ. ಒಂದು ತುದಿಯಲ್ಲಿ ಬಿಗಿದ, ಉದ್ದಕ್ಕೂ ಒಂದೇ ದಪ್ಪದ ಕೋಲಿನ ಲೆಕ್ಕ ಹಿಡಿದರೆ, ತುದಿ ಒಂದು ಇಂಚು ಆಡುವಾಗ ನಡುಭಾಗ ಆಡುವುದು ಸುಮಾರು 0.34 ಇಂಚು. ಭಾರದ ಪರಿಣಾಮ ಈ ಸಂಖ್ಯೆಯ ವರ್ಗದಷ್ಟು, ಅಂದರೆ 0.115. ತುದಿಯ ಒಂದು ಗ್ರಾಂ ಮಾಡುವ ಕೆಡುಕನ್ನು ನಡುವಿನಲ್ಲಿ ಮಾಡಲು ಸುಮಾರು 9 ಗ್ರಾಂ ಬೇಕು. ತುದಿಗೆ ಸಪೂರವಾಗುವ ನಿಜವಾದ ಕೋಲಿನಲ್ಲಿ ಈ ಅಂತರ ಇನ್ನೂ ಹೆಚ್ಚು. ಹಿಡಿಯ ಹತ್ತಿರ ತೂಕ ಉಳಿಸಲು ಹೆಣಗಾಡಿ ಪ್ರಯೋಜನವಿಲ್ಲ. ಉಳಿಸಬೇಕಾದದ್ದು ಮೇಲಿನ ಮೂರನೇ ಒಂದು ಭಾಗದಲ್ಲಿ.

ಮೈಕ್ರೋ ಗೈಡುಗಳು ಹುಟ್ಟಿದ್ದು ಇದಕ್ಕೇ. ಗೈಡಿನ ಸಂಖ್ಯೆ ಸಾಮಾನ್ಯವಾಗಿ ಉಂಗುರದ ಹೊರವ್ಯಾಸದ ಮಿಲಿಮೀಟರ್ ಲೆಕ್ಕ. 4 ಅಥವಾ ಅದಕ್ಕಿಂತ ಚಿಕ್ಕದನ್ನು ಮೈಕ್ರೋ ಎನ್ನುತ್ತಾರೆ. ಹೊರವ್ಯಾಸ 4 ಎಂದರೆ ಒಳಗಿನ ತೂತು ಅದಕ್ಕೂ ಚಿಕ್ಕದು ಎಂಬುದನ್ನು ಮರೆಯಬಾರದು. ಚೊಣಕ, ಇಸ್ವಾಣದಂಥ ಮೀನುಗಳಿಗೆ ಹೆಣೆದ ದಾರದ ತುದಿಗೆ ದಪ್ಪ ನೈಲಾನ್ ಸೇರಿಸಿ ಗಂಟು ಹಾಕುತ್ತೇವೆ, ಆ ಗಂಟು ಗೈಡಿನಲ್ಲಿ ಹಾಯಬೇಕು. ಕೊಳ್ಳುವ ಮೊದಲು ನೀವು ಬಳಸುವ ಗಂಟನ್ನೇ ಹಾಕಿಕೊಂಡು ಹೋಗಿ ಉಂಗುರದಲ್ಲಿ ಹಾಯಿಸಿ ನೋಡಿ. ತಡೆದರೆ 5 ಅಥವಾ 5.5 ತೆಗೆದುಕೊಳ್ಳುವುದೇ ಸರಿ. ಪಾಚಿ, ಕಸ ದಾರಕ್ಕೆ ಮೆತ್ತಿಕೊಳ್ಳುವ ಅಳಿವೆಯ ನೀರಿಗೂ ಇದೇ ಮಾತು. ಎಸೆಯುವಾಗ ಗಂಟು ಸಿಕ್ಕಿಬಿದ್ದರೆ ಉಳಿಸಿದ ತೂಕದಿಂದ ಏನು ಬಂತು?

ಬ್ಲ್ಯಾಂಕಿನ ಬೆನ್ನು ಹುಡುಕುವುದು ಮೊದಲ ಕೆಲಸ. ಬಟ್ಟೆಯ ಅಂಚುಗಳು ಒಂದರ ಮೇಲೊಂದು ಬಿದ್ದ ಕಡೆ ಕೋಲು ಸ್ವಲ್ಪ ಗಡುಸು. ಬುಡವನ್ನು ನುಣುಪು ನೆಲದ ಮೇಲಿಟ್ಟು, ತುದಿಯನ್ನು ಒಂದು ಅಂಗೈಯಲ್ಲಿ ಆನಿಸಿ, ನಡುವೆ ಇನ್ನೊಂದು ಕೈಯಿಂದ ಒತ್ತುತ್ತಾ ಹೊರಳಿಸಿದರೆ ಒಂದು ಕಡೆ ಕೋಲು ತಾನೇ ಜಿಗಿದು ಕೂರುತ್ತದೆ. ಗೈಡುಗಳ ಸಾಲನ್ನು ಹೊಂದಿಸಲು ಅಲ್ಲಿ ಮಾಸ್ಕಿಂಗ್ ಟೇಪಿನಿಂದ ಗುರುತು ಹಾಕಿ. ಬ್ಲ್ಯಾಂಕ್ ಕಣ್ಣಿಗೆ ಕಾಣುವಷ್ಟು ಡೊಂಕಿದ್ದರೆ ಬೆನ್ನಿನ ಲೆಕ್ಕ ಬಿಟ್ಟು, ಕೋಲು ನೇರ ಕಾಣುವಂತೆ ಗೈಡು ಕೂರಿಸುವುದು ಮೇಲು.

ತುದಿಯ ಗೈಡನ್ನು ಎಪಾಕ್ಸಿಯಿಂದ, ಅಂದರೆ ಎರಡು ದ್ರವ ಕಲಸಿದಾಗ ಗಟ್ಟಿಯಾಗುವ ಅಂಟಿನಿಂದ, ಅಂಟಿಸಬೇಡಿ. ಬಿಸಿ ಮಾಡಿದರೆ ಕರಗುವ ಅಂಟುಕಡ್ಡಿ ಸಾಕು, ನಾಳೆ ಬದಲಿಸಬೇಕಾದರೆ ಸುಲಭ. ಅಲ್ಲಿಂದ ಸುಮಾರು 10 ಸೆಂ.ಮೀ. ಬಿಟ್ಟು ಮೊದಲ ಗೈಡು, ನಂತರದ ಅಂತರಗಳು ಬುಡದ ಕಡೆ ಸ್ವಲ್ಪ ಸ್ವಲ್ಪವೇ ಹೆಚ್ಚಲಿ. ಏಳು ಅಡಿ ಕೋಲಿಗೆ ಒಟ್ಟು 8ರಿಂದ 10 ಬೇಕಾಗುತ್ತವೆ. ಮೊದಲಿಗೆ ಟೇಪಿನಲ್ಲಿ ಹಚ್ಚಿ, ದಾರ ಹಾಯಿಸಿ, ತುದಿಯಿಂದ ನೀರಿನ ಬಾಟಲಿ ತೂಗುಬಿಡಿ. ಬಾಟಲಿಗೆ ನೀರು ಸುರಿಯುತ್ತಾ ಹೋದಂತೆ ಕೋಲು ಬಾಗುತ್ತದೆ. ದಾರ ಎಲ್ಲಿ ಚೂಪಾಗಿ ಮುರಿದಂತೆ ಕಾಣುತ್ತದೋ ಅಲ್ಲಿ ಗೈಡುಗಳು ದೂರವಾಗಿವೆ. ಎರಡನ್ನೂ ಹತ್ತಿರ ಸರಿಸಿ. ಪುಸ್ತಕದ ಅಳತೆಗಿಂತ ಈ ಬಾಟಲಿಯ ತೀರ್ಪು ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಪ್ರತಿ ಬ್ಲ್ಯಾಂಕಿನ ಬಾಗೂ ಬೇರೆ.

ಗೈಡಿನ ಪಾದದ, ಅಂದರೆ ಬ್ಲ್ಯಾಂಕಿನ ಮೇಲೆ ಕೂರುವ ಲೋಹದ ಪಟ್ಟಿಯ, ತುದಿಯನ್ನು ಅರದಿಂದ ತೆಳ್ಳಗೆ ಇಳಿಜಾರು ಮಾಡದೆ ನೂಲು ಸುತ್ತಬಾರದು. ಪಾದ ಮೊಂಡಾಗಿದ್ದರೆ ನೂಲು ಮೇಲೇರುವಲ್ಲಿ ಜಾರಿ ಸಂದು ಬಿಡುತ್ತದೆ, ಅಡಿಯಲ್ಲಿ ಉಳಿದ ಚೂಪು ಬ್ಲ್ಯಾಂಕನ್ನು ಗೀರುತ್ತದೆ. ಗೀರು ಬಿದ್ದ ಕಾರ್ಬನ್ ಮುಂದೊಂದು ದಿನ ದೊಡ್ಡ ಮೀನು ಸಿಕ್ಕಾಗ ಅಲ್ಲೇ ಮುರಿಯುತ್ತದೆ. ಅರ ಆಡಿಸಿದ ಮೇಲೆ ನುಣುಪು ಕಾಗದದಿಂದ ಉಜ್ಜಿ ಹೊಳಪು ಕೊಡಿ, ಒರಟು ಲೋಹಕ್ಕೆ ಉಪ್ಪುನೀರು ಬೇಗ ತುಕ್ಕು ಹಿಡಿಸುತ್ತದೆ.

ಸಣ್ಣ ಗೈಡಿಗೆ ಎ ಅಳತೆಯ ನೂಲು ಸಾಕು, ದಪ್ಪ ಸುಮಾರು 0.15 ಮಿ.ಮೀ. ಒಂದು ಸೆಂಟಿಮೀಟರಿಗೆ ಅರವತ್ತಕ್ಕೂ ಹೆಚ್ಚು ಸುತ್ತು. ಪಾದದ ತುದಿಯಿಂದ ಎರಡು ಮೂರು ಮಿ.ಮೀ. ಹಿಂದೆ ಬ್ಲ್ಯಾಂಕಿನ ಮೇಲೆ ಶುರುಮಾಡಿ. ನೂಲಿನ ತುದಿಯ ಮೇಲೆ ಐದಾರು ಸುತ್ತು ಬಂದ ಮೇಲೆ ತುದಿ ಕತ್ತರಿಸಿ ಮುಂದುವರಿಯಿರಿ. ಕೈಯಲ್ಲಿ ತಿರುಗಬೇಕಾದ್ದು ಕೋಲು, ನೂಲಲ್ಲ. ಮುಗಿಯಲು ಎಂಟು ಸುತ್ತು ಇರುವಾಗ ಬೇರೊಂದು ನೂಲನ್ನು ಮಡಚಿ ಕುಣಿಕೆಯಾಗಿಟ್ಟು ಅದರ ಮೇಲೆ ಸುತ್ತಿ, ಕೊನೆಯ ತುದಿಯನ್ನು ಕುಣಿಕೆಗೆ ಹಾಕಿ ಒಳಗೆಳೆಯಿರಿ. ಗಂಟು ಬೇಡ, ಎಂಟು ಸುತ್ತಿನ ಅಡಿಯ ಒತ್ತಡ ಮತ್ತು ಘರ್ಷಣೆಯೇ ಹಿಡಿದಿಡುತ್ತದೆ. ಒಂಟಿ ಪಾದದ ಗೈಡಾದರೆ ಉಂಗುರದ ಮುಂದಕ್ಕೆ ನೂಲು ದಾಟಿಸಿ ಮೂರ್ನಾಲ್ಕು ಸುತ್ತು ಹಾಕಬೇಕು, ಇಲ್ಲದಿದ್ದರೆ ಎಳೆತಕ್ಕೆ ಗೈಡು ಮೆಲ್ಲಗೆ ಜಾರಿ ಹೊರಬರುತ್ತದೆ.

ಬಿಗಿ ಎಷ್ಟಿರಬೇಕು? ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ ಗೈಡು ಕೂದಲೆಳೆಯಷ್ಟು ಸರಿಯಬೇಕು, ತಾಗಿದ ಮಾತ್ರಕ್ಕೆ ಅಲುಗಬಾರದು. ಪ್ರತಿ ಸುತ್ತಿನ ಸೆಳೆತವೂ ಕೂಡಿಕೊಳ್ಳುವುದರಿಂದ ಅತಿ ಬಿಗಿ ಎಳೆದ ನೂಲು ತುದಿಯ ತೆಳು ಗೋಡೆಯನ್ನು ಪಾದದಿಂದ ಜಜ್ಜಬಹುದು. ಸುತ್ತಿಯಾದ ಮೇಲೆ ಬುಡದಿಂದ ಕಣ್ಣು ಹಾಯಿಸಿ ಎಲ್ಲ ಉಂಗುರ ಸಾಲಿಗೆ ತನ್ನಿ, ನುಣುಪು ಪೆನ್ನಿನ ಬೆನ್ನಿನಿಂದ ತಿಕ್ಕಿ ಸಂದುಗಳನ್ನು ಮುಚ್ಚಿ.

ಸುತ್ತಿದ ನೂಲಿನ ಮೇಲೆ ಎಪಾಕ್ಸಿ ಬಳಿಯಬೇಕು, ಕರಾವಳಿಯಲ್ಲಿ ನಿಜವಾದ ತೊಡಕು ಅದರದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ, ಕಾರವಾರದ ಬೈತಖೋಲ ಬಂದರು ಸುಮ್ಮನಿರುತ್ತದೆ. ಕಡಲು ಕೆರಳಿರುವಾಗ ಗಾಳ ಹಾಕುವವರೂ ಮನೆಯಲ್ಲೇ, ಕೋಲು ಕಟ್ಟಲು ಬಿಡುವು ಸಿಗುವುದು ಆಗಲೇ. ಎಪಾಕ್ಸಿ ಮಾತು ಕೇಳದಿರುವುದೂ ಆಗಲೇ. ಗಟ್ಟಿಯಾಗಿಸುವ ದ್ರವದಲ್ಲಿರುವ ಅಮೈನ್ ಎಂಬ ರಾಸಾಯನಿಕ ಗಾಳಿಯ ತೇವ ಮತ್ತು ಇಂಗಾಲದ ಡೈ ಆಕ್ಸೈಡಿನ ಜೊತೆ ಸೇರಿ ಮೇಲ್ಮೈಯಲ್ಲಿ ಮಾಸಲು ಬಿಳಿ, ಜಿಡ್ಡು ಜಿಡ್ಡಾದ ಪದರ ಬಿಡುತ್ತದೆ. ಹಾಗಾಗಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಲಿಡುವ ಯೋಚನೆ ಬೇಡ. ಉರಿಯುವ ಸೌದೆ ಆ ಎರಡನ್ನೂ ಹೊರಬಿಡುತ್ತದೆ. ಉದ್ದನೆಯ ಮರದ ಪೆಟ್ಟಿಗೆಯೊಳಗೆ ಹಳೆಯ ತಂತಿ ಬಲ್ಬು ಉರಿಸಿ. 27 ಡಿಗ್ರಿಯಲ್ಲಿ ಶೇ. 90 ತೇವವಿರುವ ಗಾಳಿಯನ್ನು 34 ಡಿಗ್ರಿಗೆ ಬಿಸಿ ಮಾಡಿದರೆ ಅದರ ಸಾಪೇಕ್ಷ ತೇವ ಸುಮಾರು ಶೇ. 60ಕ್ಕೆ ಇಳಿಯುತ್ತದೆ. ತೀರಾ ಬಿಸಿಯಾದರೆ ಎಪಾಕ್ಸಿ ನೀರಾಗಿ ಹರಿದು ತೊಟ್ಟಿಕ್ಕುತ್ತದೆ.

ಎರಡನೇ ಶತ್ರು ತೆಂಗಿನೆಣ್ಣೆ. ತಲೆ ಮುಟ್ಟಿದ ಕೈಯಿಂದ ನೂಲು ಮುಟ್ಟಿದರೆ ಎಣ್ಣೆ ತಾಗಿದ ಜಾಗದಲ್ಲಿ ಎಪಾಕ್ಸಿ ಹರಡದೆ ಮೀನಿನ ಕಣ್ಣಿನಂಥ ಕುಳಿ ಬೀಳುತ್ತದೆ. ಸೋಪಿನಲ್ಲಿ ಕೈ ತೊಳೆದುಕೊಳ್ಳಿ, ನೂಲು ಸುತ್ತುವ ಮೊದಲೇ ಬ್ಲ್ಯಾಂಕನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ಎಪಾಕ್ಸಿ ಅಳೆಯಲು ಸಿಲಿಕೋನ್ ಸವರಿದ ಸಿರಿಂಜು ಬಳಸಿದರೂ ಇದೇ ಕುಳಿ ಬರುತ್ತದೆ.

ಎರಡೂ ದ್ರವ ಸಮಪಾಲು ಎಂದಿದ್ದರೆ ಗಾತ್ರದಲ್ಲಿ ಅಳೆಯಿರಿ. ಸಾಂದ್ರತೆ ಬೇರೆಯಾದ್ದರಿಂದ ತಕ್ಕಡಿಯಲ್ಲಿ ಸಮ ಮಾಡಿದರೆ ಪ್ರಮಾಣ ತಪ್ಪುತ್ತದೆ. ತಲಾ 3 ಮಿ.ಲೀ.ಗಿಂತ ಕಡಿಮೆ ಬೇಡ: 0.2 ಮಿ.ಲೀ. ಹೆಚ್ಚುಕಮ್ಮಿಯಾದರೆ 3ರಲ್ಲಿ ಅದು ಸುಮಾರು ಶೇ. 7, ಒಂದರಲ್ಲಿ ಶೇ. 20. ಮೂರು ನಿಮಿಷ ನಿಧಾನವಾಗಿ ಕಲಸಿ ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳ್ಳಗೆ ಹರಡಿ. ಬಟ್ಟಲಲ್ಲಿ ಒಟ್ಟಾಗಿ ಬಿಟ್ಟರೆ ತನ್ನದೇ ಶಾಖದಿಂದ ಬೇಗ ಗಟ್ಟಿಯಾಗುತ್ತದೆ. ತುದಿಯ ಗೈಡುಗಳಿಗೆ ಒಂದೇ ತೆಳು ಕೈ. ಮೈಕ್ರೋ ಗೈಡಿನ ಮೇಲೆ ಗುಂಡಗೆ ಉಬ್ಬಿದ ಎಪಾಕ್ಸಿ ಗೈಡಿನಷ್ಟೇ ತೂಗಬಲ್ಲದು, ಚಿಕ್ಕ ಉಂಗುರ ಕೊಂಡದ್ದು ಅಲ್ಲಿಗೆ ವ್ಯರ್ಥ. ಗುಳ್ಳೆ ಕಂಡರೆ ಸ್ಪಿರಿಟ್ ದೀಪದ ಉರಿಯನ್ನು ಕೆಳಗೆ ಒಮ್ಮೆ ಹಾಯಿಸಿದರೆ ಒಡೆಯುತ್ತದೆ. ಆಮೇಲೆ ನಿಮಿಷಕ್ಕೆ ಹತ್ತರ ಆಸುಪಾಸು ಸುತ್ತುವ ಮೋಟಾರಿನಲ್ಲಿ ನಾಲ್ಕೈದು ಗಂಟೆ ತಿರುಗಲಿ, ಒಂದು ಕಡೆ ಜೋಲದಂತೆ. ಮುಟ್ಟುವುದು ಮರುದಿನ. ಮರುದಿನವೂ ಅಂಟಂಟಾಗಿದ್ದರೆ ಅಳತೆ ಅಥವಾ ಕಲಸುವಿಕೆ ತಪ್ಪಿದೆ. ಸರಿಯಾಗಿ ಕಲಸಿದ ಇನ್ನೊಂದು ತೆಳು ಕೈ ಕೊಟ್ಟರೆ ಹೆಚ್ಚಿನ ಸಲ ಸರಿಹೋಗುತ್ತದೆ.

ಕಾರ್ಬನ್ ವಿದ್ಯುತ್ ಹಾಯಿಸುತ್ತದೆ. ದೋಟಿಯ ಎಚ್ಚರಿಕೆಯೇ ಕೋಲಿಗೂ: ತಂತಿಯ ಕೆಳಗೆ, ಗುಡುಗಿನ ಹೊತ್ತಿನಲ್ಲಿ ಎತ್ತಬೇಡಿ.

ಬಳಸಿದ ಮೇಲೆ ಸಿಹಿನೀರಿನಲ್ಲಿ ತೊಳೆದು, ಆಗಾಗ ಪ್ರತಿ ಉಂಗುರದೊಳಗೆ ಹತ್ತಿಯ ಕಡ್ಡಿ ತಿರುಗಿಸಿ. ಎಳೆ ಸಿಕ್ಕಿಕೊಂಡರೆ ಉಂಗುರ ಸೀಳಿದೆ, ದಾರವನ್ನು ಕತ್ತರಿಸುವುದು ಅದೇ. ಆ ಗೈಡನ್ನು ಬಿಚ್ಚುವಾಗ ಬ್ಲೇಡು ಆಡಬೇಕಾದ್ದು ಪಾದದ ಲೋಹದ ಮೇಲಷ್ಟೇ. ಅಲ್ಲಿ ನೂಲು ಸೀಳಿದರೆ ಉಳಿದದ್ದು ಉಗುರಿಗೆ ಸಿಪ್ಪೆಯಂತೆ ಎದ್ದು ಬರುತ್ತದೆ, ಬ್ಲ್ಯಾಂಕಿಗೆ ಗೀರು ಬೀಳುವುದಿಲ್ಲ.